ದೋಣಿ ಹೊತ್ತು

ಕರೆಂಟಿನ ತಂತಿಯಲ್ಲೇ ಇಂಟರ್ನೆಟ್ ಹರಿಯತೊಡಗಿದ ಮೇಲೆ ಊರಿನ ರೇಡಿಯೊಗಳೆಲ್ಲ ಬರೀ ಗೊರಗುಟ್ಟುತ್ತಿದ್ದವು. ಹಾಗಾಗಿ ಬಂದರಿನ ವೈರ್‌ಲೆಸ್ ನೋಡಿಕೊಳ್ಳುವ ಸುಗುಣಾ ಕೋಟ್ಯಾನ್ ದಿನಾ ಸಂಜೆ ಐದಕ್ಕೆ ಇಡೀ ಊರಿನ ಫ್ಯೂಸ್ ಕಿತ್ತು, ಬ್ಯಾಟರಿಯಲ್ಲಿ ದೋಣಿಗಳ ಮಾತು ಕೇಳುತ್ತಿದ್ದಳು. ಊರವರು ಅದನ್ನು ದೋಣಿ ಹೊತ್ತು ಎನ್ನುತ್ತಿದ್ದರು.

ಅಂದು ಇಂಟರ್ನೆಟ್ ಕಂಪನಿಯ ಇಂಜಿನಿಯರ್ ಬಂದು ಅಡ್ಡ ನಿಂತ. “ನಮ್ಮ ಲೈನಿಂದ ರೇಡಿಯೊಗೆ ತೊಂದ್ರೆನೇ ಇಲ್ಲ ಮೇಡಂ. ರಿಪೋರ್ಟ್ ಇದೆ.”

“ನಿಮ್ಮ ರಿಪೋರ್ಟಿಗೆ ಕಿವಿ ಉಂಟಾ?” ಎಂದು ಸುಗುಣಾ ಫ್ಯೂಸ್ ಕಿತ್ತಳು.

ರೇಡಿಯೊದ ಗೊರಗೊರ ನಿಂತಿತು. ಕಡಲಿಗೆ ಹೋಗಿದ್ದ ಮೀನುಗಾರ ವಾಮನಣ್ಣನ ದನಿ ಕೇಳಿಸಿತು: “ದೋಣಿಗೆ ನೀರು ನುಗ್ತಾ ಉಂಟು. ಬೆಳಿಗ್ಗೆಯಿಂದ ಕೂಗ್ತಾ ಇದ್ದೇನೆ ಮಾರಾಯ್ತಿ!”

ಅವಳು ಹತ್ತಿರದ ದೋಣಿಯನ್ನು ಅಲ್ಲಿಗೆ ಅಟ್ಟಿದಳು. ವಾಮನಣ್ಣನ ದೋಣಿಯಲ್ಲಿದ್ದ ಐವರೂ ಬದುಕಿದರೆಂಬ ಸುದ್ದಿ ಬಂದಾಗಲೂ ಇಂಜಿನಿಯರ್ ಅಲ್ಲೇ ಇದ್ದ.

“ನಿಮ್ಮ ಮೇಲೆ ಕಂಪ್ಲೇಂಟ್ ಕಳಿಸ್ಬೇಕು. ನೆಟ್ ಯಾವಾಗ ಬರುತ್ತೆ?”

ಸುಗುಣಾ ಅವನ ಮುಖವನ್ನೂ ನೋಡಲಿಲ್ಲ. “ಪೋಸ್ಟಾಫೀಸು ಆಚೆ ಬದಿ ಉಂಟು,” ಎಂದಳು.