ಸೇತುವೆಯಾಚೆ ಹುಟ್ಟಿದ ಏಬೆಲ್

ಗಾಡಿ ಓಡುತ್ತಿತ್ತು. ಒಳಗೆ ಒಣಹುಲ್ಲಿನ ಮೇಲೆ ಹ್ಯಾನ ಮಾಬ್ಸ್ ಹೆರಿಗೆ ನೋವಿನಲ್ಲಿ ಹೊರಳಾಡುತ್ತಿದ್ದಳು. ಮುಸ್ಸಂಜೆ, ಹಿಮ ಬೀಳುತ್ತಿತ್ತು. ಜೋಸಯ್ಯ ಥರ್ಟಲ್ ತಾನೇ ಲಗಾಮು ಹಿಡಿದು ಕುದುರೆಗೆ ಬಾರಿಸುತ್ತಿದ್ದ. ಮಾರ್ಲ್‌ಹ್ಯಾಮ್ ಊರಿನ ಬಡವರ ಹೊಣೆ ಹೊತ್ತ ಅಧಿಕಾರಿ ಅವನು. ಮದುವೆಯಾಗದ ಒಬ್ಬ ಕೆಲಸದ ಹುಡುಗಿಗಾಗಿ ಅಂಥ ಚಳಿಯಲ್ಲಿ ಸ್ವಂತ ಗಾಡಿ ಕಟ್ಟಿದ್ದ. ದಾರಿಯಲ್ಲಿ ಒಂದು ದೀಪ ಕಂಡಾಗ ಹ್ಯಾನ ಎದ್ದು ಕುಳಿತು ಅದರ ಕಡೆ ಎರಡೂ ಕೈ ಚಾಚಿದಳಂತೆ. ನಿಲ್ಲಿಸಿ, ನಿಲ್ಲಿಸಿ ಎಂದು ಕೂಗಿದಳಂತೆ. ಥರ್ಟಲ್ ನಿಲ್ಲಿಸಲಿಲ್ಲ. ಸೇತುವೆ ದಾಟಿದ ಮೇಲೆ ಗಾಡಿ ನಿಂತಿತು. ಅಲ್ಲೊಂದು ಕೊಟ್ಟಿಗೆಯಲ್ಲಿ ಏಬೆಲ್ ಹುಟ್ಟಿದ.

"ಸೂಲಗಿತ್ತಿ ಮನೆ ಮುಟ್ಟೋ ಅಷ್ಟರಲ್ಲಿ ತಡ ಆಗಿತ್ತು," ಎಂದು ಐವಿ ಮಾಬ್ಸ್ ತನ್ನ ಮನೆತನದ ಇನ್ನೂರು ವರ್ಷ ಹಳೆಯ ಕಥೆ ಮುಂದುವರಿಸಿದಳು. "ಆದ್ರೂ ತಾಯಿ ಮಗು ಉಳ್ಕೊಂಡ್ರು. ಎಲ್ಲಾ ನಿಮ್ಮ ಹಿರೀಕರ ದಯೆ, ಮಿಸ್ಟರ್ ಥರ್ಟಲ್. ದೀಪದ ರೂಪದಲ್ಲಿ ಹ್ಯಾನಜ್ಜಿಗೆ ದೇವರೇ ಕಂಡ ಅಂತ ನಮ್ಮಪ್ಪ ಹೇಳ್ತಿದ್ರು."

ಗೈಲ್ಸ್ ಥರ್ಟಲ್ ಕನ್ನಡಕ ತೆಗೆದು ಒರೆಸಿಕೊಂಡರು. ಚರ್ಚಿನ ಪಕ್ಕದಲ್ಲಿ ಬಡವರಿಗೆ ಬಾಡಿಗೆಯಿಲ್ಲದೆ ಕೊಡುವ ಧರ್ಮಮನೆಗಳ ಟ್ರಸ್ಟಿಗೆ ಅವರೇ ಅಧ್ಯಕ್ಷರು. ಸಾಲಿನಲ್ಲಿ ಮೂರನೆಯದು ಖಾಲಿ ಬಿದ್ದಿತ್ತು. ಪ್ರೂ ಅಜ್ಜಿ ಮನೆ ಎಂದು ಅದಕ್ಕೆ ಹೆಸರು. ಪುಟ್ಟದು, ಗಟ್ಟಿ ಗೋಡೆ, ಬಾಗಿಲ ಮೇಲೆ ತುಕ್ಕು ಹಿಡಿದ ದೊಡ್ಡ ಕೊಕ್ಕೆ. ಬೇರೆ ಯಾವ ಮನೆಗೂ ಆ ಕೊಕ್ಕೆ ಇರಲಿಲ್ಲ. ಆ ಮನೆ ಕೇಳಲು ಐವಿ ಬರುವಾಗ ಕೊಕ್ಕೆಯನ್ನು ನೋಡಿ, ಇಲ್ಲಿ ಹೂವಿನ ಬುಟ್ಟಿ ತೂಗುಹಾಕಬಹುದು ಎಂದುಕೊಂಡಿದ್ದಳು.

ಅವಳಿಗೆ ಬೇರೆ ದಾರಿ ಇರಲಿಲ್ಲ. ಅಣ್ಣ ಸಿರಿಲ್ ದನಗಳ ಕೆಲಸದವನು. ಅಣ್ಣ ತಂಗಿ ಇದ್ದ ಮನೆ ಕೊಟ್ಟದ್ದು ಅವನು ದುಡಿಯುತ್ತಿದ್ದ ಫಾರ್ಮಿನವರು. ಕೆಲಸ ಇರುವ ತನಕ ಮನೆ. ಅಣ್ಣ ಸತ್ತ, ಕೆಲಸ ಹೋಯಿತು. ಹೊಸ ಆಳಿನ ಹೆಂಡತಿ ಆಗಲೇ ಬಂದು, ಐವಿ ಚಹಾ ಕುಡಿಯುತ್ತಿದ್ದಂತೆಯೇ, ಕಿಟಕಿಗಳಿಗೆ ಪರದೆಯ ಅಳತೆ ತೆಗೆದುಕೊಂಡು ಹೋಗಿದ್ದಳು. "ನೀವು ಕೂತ್ಕೊಳಿ, ನಿಮಗ್ಯಾಕೆ ತೊಂದ್ರೆ" ಎಂದಿದ್ದಳು.

ಧರ್ಮಮನೆಯ ನಿಯಮ ಒಂದೇ. ಕೇಳುವವರ ಹಿರಿಯರಲ್ಲಿ ಒಬ್ಬರಾದರೂ ಮಾರ್ಲ್‌ಹ್ಯಾಮಿನಲ್ಲಿ ಹುಟ್ಟಿರಬೇಕು. ಮಾಬ್ಸರದು ಫಾರ್ಮಿನಿಂದ ಫಾರ್ಮಿಗೆ ಅಲೆದ ಸಂಸಾರ, ಒಂದೊಂದು ಮಗು ಒಂದೊಂದು ಊರಿನಲ್ಲಿ ಹುಟ್ಟಿತ್ತು. ಮಾರ್ಲ್‌ಹ್ಯಾಮಿಗೆ ಅವರನ್ನು ಕಟ್ಟುವ ಎಳೆ ಐವಿಯ ಮುತ್ತಜ್ಜನ ಅಪ್ಪ ಏಬೆಲ್ ಒಬ್ಬನೇ. ಅವನು ಒಂದು ಜನಗಣತಿಯಲ್ಲಿ ಮಾರ್ಲ್‌ಹ್ಯಾಮಿನವನು, ಮುಂದಿನದರಲ್ಲಿ ಹೊಳೆಯಾಚೆಯ ಆಷ್‌ಬೆಕ್‌ನವನು. ಆ ದಿನ ಬಾಗಿಲು ತೆರೆದವರು ಹೇಳಿದ್ದನ್ನು ಗಣತಿಯವರು ಬರೆದುಕೊಂಡಿದ್ದರು. ದೀಕ್ಷಾಸ್ನಾನದ ದಾಖಲೆ ಸಿಕ್ಕಿದ್ದು ಆಷ್‌ಬೆಕ್ ಚರ್ಚಿನಲ್ಲಿ.

"ಅಲ್ಲೇ ಕಷ್ಟ ಬಂದಿರೋದು, ಐವಿ," ಎಂದರು ಥರ್ಟಲ್.

"ದಾರೀಲಿ ಹುಟ್ಟಿದ್ದಕ್ಕೆ ಮಗು ಏನು ಮಾಡೀತು? ಹೆರಿಗೆಗೆ ಅಂತ ಕರ್ಕೊಂಡು ಹೋಗ್ತಿದ್ರು."

"ಹಾಗಾದ್ರೆ ಒಂದು ದಾರಿ ಇದೆ. ಈಗ ನಮ್ಮೂರಿನ ಮಕ್ಕಳೆಲ್ಲ ಪೇಟೆ ಆಸ್ಪತ್ರೇಲೇ ಹುಟ್ಟೋದು. ಹೆರಿಗೆಗೆ ಅಂತ ಹೊರಗೆ ಹೋಗಿ ಹುಟ್ಟಿದ್ರೆ ಊರಿನವರೇ ಅಂತ ಟ್ರಸ್ಟು ಒಪ್ಪಿದೆ. ಆಗ ಆಷ್‌ಬೆಕ್‌ನಲ್ಲಿ ಸೂಲಗಿತ್ತಿ ಯಾರು? ಹೆಸರು ತನ್ನಿ, ಈಗಲೇ ಸಹಿ ಹಾಕ್ತೀನಿ." ಅವರು ನಕ್ಕರು. "ಜೋಸಯ್ಯ ಅಂದ್ರೆ ಸಾಮಾನ್ಯ ಆಸಾಮಿ ಅಲ್ಲ. ಆಗೆಲ್ಲ ಊರಲ್ಲಿ ಹುಟ್ಟಿದ ದಿಕ್ಕಿಲ್ಲದವರನ್ನ ಊರೇ ತೆರಿಗೆ ಎತ್ತಿ ಸಾಕಬೇಕಿತ್ತು. ಆದ್ರೂ ಅವರ ಕಾಲದಲ್ಲಿ ನಮ್ಮೂರಿನಷ್ಟು ಕಮ್ಮಿ ತೆರಿಗೆ ಸುತ್ತಮುತ್ತ ಎಲ್ಲೂ ಇರಲಿಲ್ಲ."

"ಗೊತ್ತು ಸಾರ್. ಅವರ ಸಮಾಧಿ ಕಲ್ಲಿನ ಪಾಚಿ ಇವತ್ತು ಬೆಳಿಗ್ಗೆ ತಾನೇ ಉಜ್ಜಿ ಬಂದೆ. ನಮ್ಮಜ್ಜಿ ಉಜ್ತಿದ್ಲು, ಅಮ್ಮ ಉಜ್ತಿದ್ಲು."

ಹೊರಗೆ ಬಂದಾಗ ಅವಳಿಗೆ ಎದೆಯ ಮೇಲಿನ ಕಲ್ಲು ಸರಿದಂತಾಯಿತು. ಬೇಕಿದ್ದದ್ದು ಒಂದು ಹೆಸರು. ನಾಲ್ಕನೆಯ ಮನೆಯ ಪೆಗಿ ಬೆಟ್ಸ್ ಹುಟ್ಟಿದ್ದೂ ಬೆಳೆದದ್ದೂ ಈ ಬೀದಿಯಲ್ಲೇ. ಅವಳು ಹೊಸ್ತಿಲಲ್ಲಿ ನಿಂತು ಬೂಟಿನ ಹಿಮ ಕೊಡವುತ್ತಿದ್ದಳು.

"ಏನೇ, ಥರ್ಟಲ್ ದೊರೆ ಬಾಗಿಲು ತೆಗೆದನಾ, ಇಲ್ಲ ಕಿಟಕೀಲೇ ಮಾತಾಡಿಸಿ ಕಳಿಸಿದನಾ?"

"ಚಹಾ ಕೂಡ ಕೊಟ್ರು ಕಣೇ. ಹಳೇ ಕಾಲದಲ್ಲಿ ಆಷ್‌ಬೆಕ್ ಸೂಲಗಿತ್ತಿ ಯಾರಿದ್ಲು, ಗೊತ್ತಾ? ಹೆಸರು ಸಿಕ್ಕಿದ್ರೆ ನಾನು ನಿನ್ನ ಪಕ್ಕದ ಮನೆಯವಳು."

"ಆಷ್‌ಬೆಕ್‌ಗೆ ಸೂಲಗಿತ್ತಿನಾ?" ಪೆಗಿ ನಕ್ಕುಬಿಟ್ಟಳು. "ಹೋಗೇ ಹುಚ್ಚಿ. ಅಲ್ಲಿನ ಹೆಂಗಸರೇ ಸೇತುವೆ ದಾಟಿ ಇಲ್ಲಿಗೆ ಬರ್ತಿದ್ರು. ಮುನ್ನೂರು ವರ್ಷದ ಹಿಂದೆ ಈ ಸಾಲು ಕಟ್ಟಿದಾಗಿಂದ ಮೂರನೇ ಮನೆ ಸೂಲಗಿತ್ತಿಗೇ ಮೀಸಲು. ಪ್ರೂ ಅಜ್ಜಿ ಕೊನೆಯವಳು, ನಾನು ಹುಟ್ಟಿದ್ದೂ ಅವಳ ಕೈಲೇ. ಆ ಕೊಕ್ಕೆ ಯಾತಕ್ಕೆ ಅಂದ್ಕೊಂಡೆ? ಕತ್ತಲಾದ್ರೆ ಅದಕ್ಕೆ ದೀಪ ಹಾಕೋರು, ನೋವು ತಿನ್ನೋರು ದೂರದಿಂದಲೇ ಕಂಡು ಬರಲಿ ಅಂತ."

ಐವಿ ಕೊಕ್ಕೆಯನ್ನು ನೋಡಿದಳು. ಅದರ ಕೆಳಗೇ ರಸ್ತೆ. ರಸ್ತೆಯ ತುದಿಗೆ ಸೇತುವೆ.

ಜೋಸಯ್ಯ ಥರ್ಟಲ್ ಗಾಡಿ ಓಡಿಸಿಕೊಂಡು ಹೋದದ್ದು ಈ ಬಾಗಿಲ ಮುಂದೆಯೇ.