ಅವಳು ಹಿಡಿದಿದ್ದ ಕೈ

ಲ್ಯಾಬಿನ ಬಾಗಿಲ ಗಾಜಿನಾಚೆ ಹೆಂಡತಿ ಒಬ್ಬ ಯುವಕನ ಕೈ ಹಿಡಿದು ಕೂತಿದ್ದಳು. ಬೆರಳುಗಳು ಅವನ ಮಣಿಕಟ್ಟಿನ ಮೇಲಿದ್ದವು. ನಾಡಿ ನೋಡುವುದಕ್ಕೆ ಅಷ್ಟು ಹೊತ್ತು ಬೇಕಾಗಿಲ್ಲ ಎಂಬುದು ಡ್ರಾಯಿಂಗ್ ಮೇಷ್ಟ್ರಿಗೂ ಗೊತ್ತಿತ್ತು.

ಅಷ್ಟೇ ಆಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದರು. ಆದರೆ ಅವಳು ನಗುತ್ತಿದ್ದಳು. ಮಗಳು ಹೋದಮೇಲೆ ಮನೆಯಲ್ಲಿ ಒಮ್ಮೆಯೂ ಕಾಣದಿದ್ದ ನಗು ಅದು.

ಹೆಂಡತಿ ವಿಜ್ಞಾನಿ. ರೋಗ ತಡೆಯುವ ಶಕ್ತಿಯೇ ಇಲ್ಲದ ಮೈಗಳು, ಆ ಶಕ್ತಿಯೇ ತಿರುಗಿಬಿದ್ದು ತಿನ್ನುವ ಮೈಗಳು, ಇವುಗಳ ಹಿಂದೆಯೇ ಅವಳ ಆಯಸ್ಸು ಸವೆದಿತ್ತು. “ಕೆಲವು ಮನೆಗೆ ಕಾವಲುಗಾರನೇ ಇಲ್ಲ. ಕೆಲವು ಮನೇಲಿ ಕಾವಲುಗಾರನೇ ಕಳ್ಳ,” ಎಂದು ಮದುವೆಯಾದ ಹೊಸದರಲ್ಲಿ ವಿವರಿಸಿದ್ದಳು.

“ನಮ್ಮ ಮನೇಲಿ?”

“ನಮ್ಮ ಮನೆ ಕಾವಲುಗಾರ ಪುಕ್ಕಲ!”

ಪುಕ್ಕಲರೇ. ಮಗಳಿಗೆ ಸೂಜಿ ಚುಚ್ಚಿದರೆ ಮೇಷ್ಟ್ರಿಗೆ ತಲೆ ಸುತ್ತುತ್ತಿತ್ತು. ಒಮ್ಮೆ ಅಮ್ಮನ ಜೊತೆ ಲ್ಯಾಬಿಗೆ ಹೋದ ಮಗಳು ಸೊಂಟ ಹಿಡಿದುಕೊಂಡು ಮನೆಗೆ ಬಂದಳು. “ಮೆಟ್ಟಿಲಲ್ಲಿ ಜಾರಿದೆ ಅಪ್ಪಾ, ಅಷ್ಟೇ,” ಎಂದರೂ ಮೇಷ್ಟ್ರು ಬಿಸಿನೀರಿನ ಚೀಲ ಹಿಡಿದು ಮಂಚದ ಪಕ್ಕದಿಂದ ಏಳಲಿಲ್ಲ. ತಾಯಿ ಮಗಳು ಮುಖ ಮುಖ ನೋಡಿಕೊಂಡು ನಕ್ಕಿದ್ದರು.

ಮರುವರ್ಷ ಕಾಲೇಜಿನಿಂದ ಬರುವಾಗ ಮಗಳ ಸ್ಕೂಟರಿಗೆ ಲಾರಿ ಬಡಿಯಿತು. ಮೇಷ್ಟ್ರು ಆಸ್ಪತ್ರೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಆಮೇಲೆ ಮನೆಯಲ್ಲಿ ಎರಡು ತಟ್ಟೆಗಳ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಮೇಷ್ಟ್ರು ಅಳುತ್ತಿದ್ದರು, ಹೆಂಡತಿ ಲ್ಯಾಬಿಗೆ ಹೋಗುತ್ತಿದ್ದಳು. ಕಳೆದ ವಾರ ಮೇಷ್ಟ್ರಿಗೆ ನೆಗಡಿಯಾದಾಗ ದಿಂಬು ಎತ್ತಿಕೊಂಡು ಇನ್ನೊಂದು ಕೋಣೆಗೆ ಹೋದಳು. “ನನಗೆ ಅಂಟಿಸಬೇಡಿ, ದಮ್ಮಯ್ಯ.” ಆ ಕೋಣೆಯಿಂದ ಇವತ್ತು ಬೆಳಿಗ್ಗೆ ಅವಳ ಫೋನಿನ ಮಾತು ಕೇಳಿಸಿತು. “ಜ್ವರಾನಾ? ಈಗಲೇ ಹೊರಡು. ನಿನಗೇನಾದ್ರೂ ಆದ್ರೆ ನಾನು ಇನ್ನೊಂದು ಸಲ ತಡ್ಕೊಳ್ಳಲ್ಲಪ್ಪ.”

ಯಾರು ಈ ಅಪ್ಪ? ಮೇಷ್ಟ್ರು ಶಾಲೆಗೆ ರಜೆ ಹಾಕಿ ಹೆಂಡತಿಯ ಬೆನ್ನು ಹತ್ತಿದ್ದರು.

ಈಗ ಬಾಗಿಲು ತಳ್ಳಿ ಒಳನುಗ್ಗಿದರು. “ಯಾರಿವನು?”

ಯುವಕ ಗಡಬಡಿಸಿ ಎದ್ದ. ಹೆಂಡತಿ ಬೆಚ್ಚಿದ್ದು ಬೇರೆಯದಕ್ಕೆ. “ರೀ, ನಿಮಗಿನ್ನೂ ನೆಗಡಿ ಇದೆ. ಅವನ ಹತ್ತಿರ ಬರಬೇಡಿ!”

ಗಂಡ ಕೆಮ್ಮಿ ಕೆಮ್ಮಿ ಸತ್ತರೂ ಚಿಂತೆಯಿಲ್ಲ, ಇವನಿಗೆ ಗಾಳಿ ತಾಗಬಾರದು!

ಅವಳು ಯುವಕನನ್ನು ಇನ್ನೊಂದು ಬಾಗಿಲಿಂದ ಹೊರಗೆ ಕಳಿಸಿದಳು. “ಜ್ವರ ಇಳಿದಿದೆ. ಹೋಗಿ ಮಲಗು.”

“ಹೇಳ್ಬಿಡು,” ಮೇಷ್ಟ್ರು ಅವಳಿಗೆ ಅಡ್ಡ ನಿಂತರು. “ಅವನು ನಿನಗೆ ಏನಾಗ್ಬೇಕು?”

“ಅದು ಅವನಿಗೇ ಗೊತ್ತಿಲ್ಲ. ಹೇಳೋ ಹಾಗೂ ಇಲ್ಲ.” ಅವಳು ಗಂಡನ ತೋಳು ಹಿಡಿದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದಳು. “ನೋಡಿ. ಈಗ ತಾನೇ ಅವನಿಂದ ತೆಗೆದ ರಕ್ತ.”

“ನನಗ್ಯಾಕೆ ಅವನ ರಕ್ತ?”

“ನೋಡಿ ಅಂದೆ.”

ಮೇಷ್ಟ್ರು ಕಣ್ಣಿಟ್ಟರು. ಬೆಳಕಿನ ವೃತ್ತದೊಳಗೆ ಒಂದು ಮಸುಕು ಕಣ, ದಾರಿ ತಡಕುವ ಹಾಗೆ ಅಂಚು ಚಾಚಿ ಚಾಚಿ, ತೆವಳುತ್ತಿತ್ತು.

ಹೆಂಡತಿಯ ದನಿ ಹಿಂದಿನಿಂದ ಬಂತು. “ಹುಟ್ಟಿದಾಗಿನಿಂದ ಅವನ ಮೈಗೆ ಕಾವಲಿರಲಿಲ್ಲ. ಬೇರೊಬ್ಬರ ಮೂಳೆಯೊಳಗಿನ ಮಜ್ಜೆ ಹಾಕಿದ್ವಿ. ಸೊಂಟದ ಹತ್ತಿರ ತೆಗೀತೀವಿ ಅದನ್ನ. ಅದು ಒಗ್ಗಿದಮೇಲೆ ಅವನ ಮೈಯಲ್ಲಿ ಹುಟ್ಟೋ ರಕ್ತವೆಲ್ಲ ಕೊಟ್ಟವರದ್ದೇ.”

ಮೇಷ್ಟ್ರು ಕಣ್ಣು ಕೀಳಲಿಲ್ಲ. “ಇದಕ್ಕೆ... ಜೀವ ಇದೆಯಾ?”

“ಇದೆ ರೀ. ಕೊಡೋ ದಿನ ನಮ್ಮ ಮಗಳು ಕೇಳ್ಕೊಂಡಿದ್ದು ಒಂದೇ. ‘ಅಪ್ಪಂಗೆ ಹೇಳ್ಬೇಡಮ್ಮ, ಹೆದರ್ಕೋತಾರೆ.’”