ಸೀರೆಯಂಚಿನ ಪಾಸ್‌ವರ್ಡ್

ಲಕ್ಷ್ಮೀದೇವಮ್ಮ ಟಿವಿಯ ಪಕ್ಕ ನಿಂತು ಸೆರಗನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದಿದ್ದರು. ರಾಜಘಟ್ಟದ ನೆಂಟರ ಮನೆಯಲ್ಲಿ ಹನ್ನೊಂದಕ್ಕೆ ನಾಮಕರಣ. ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದವರು ಇವರೇ. ಆಟೊ ಬಾಗಿಲಲ್ಲಿ ನಿಂತಿತ್ತು. ಅವರ ತಂಗಿಯ ಮಗಳು ಮೋನಿಷಾ ನೆಲದ ಮೇಲೆ ಕುಳಿತು ಸೀರೆಯ ಅಂಚು ನೋಡುತ್ತಿದ್ದಳು, ಟಿವಿಯಲ್ಲಿ ಒಂದು ಅಕ್ಷರ ಒತ್ತುತ್ತಿದ್ದಳು, ಮತ್ತೆ ಅಂಚು ನೋಡುತ್ತಿದ್ದಳು.

"ದೊಡ್ಡಮ್ಮ, ಅಲ್ಲಾಡ್ಬೇಡ. ಹನ್ನೆರಡು ಅಕ್ಷರ ಆಯ್ತು, ಇನ್ನು ಹನ್ನೆರಡೇ."

"ನನ್ನ ಮದ್ವೇಲೂ ಇಷ್ಟೊತ್ತು ನಿಲ್ಸಿರ್ಲಿಲ್ಲ ಕಣೇ."

ಟಿವಿಯಲ್ಲಿದ್ದದ್ದು ಜಪಾನಿನ ಕಾರ್ಟೂನ್ ಧಾರಾವಾಹಿಯೊಂದರ ಮೇಲೆ ಮಾಡಿದ ಹಳೆಯ ಫುಟ್‌ಬಾಲ್ ಗೇಮ್. ಅರ್ಧ ಮುಖ ಕಣ್ಣೇ ಆಗಿರುವ ಹುಡುಗರು ಅದರಲ್ಲಿ ಚೆಂಡಿಗಾಗಿ ನೆಗೆದು, ಗಾಳಿಯಲ್ಲೇ ನಿಂತು, ತಮ್ಮ ಬಾಲ್ಯವನ್ನೆಲ್ಲ ನೆನೆದುಕೊಂಡು, ಆಮೇಲೆ ಒದೆಯುತ್ತಾರೆ. ಎದುರು ಗೋಲು ಬಸ್ಸಿನಿಂದ ಕಾಣುವ ನಂದಿಬೆಟ್ಟದ ಹಾಗೆ, ಎಷ್ಟು ಓಡಿದರೂ ಹತ್ತಿರವಾಗುವುದಿಲ್ಲ. ಮೋನಿಷಾ ಚಿಕ್ಕವಳಿದ್ದಾಗ ಹೊಸಕೋಟೆಯ ದೊಡ್ಡಪ್ಪನ ಮನೆಯಲ್ಲಿ ಈ ಗೇಮ್ ಇತ್ತು. ಅಣ್ಣಂದಿರು ಆಡುತ್ತಿದ್ದರು, ಇವಳು ಚಿತ್ರ ಹೋಗದಂತೆ ಸಡಿಲವಾದ ವೈರನ್ನು ಬೆರಳಲ್ಲಿ ಒತ್ತಿ ಹಿಡಿದುಕೊಳ್ಳುತ್ತಿದ್ದಳು. ಅವರು ಯಾರೂ ಫೈನಲ್ ಕಂಡವರಲ್ಲ. ಈಗ ಮೂವತ್ತಾರನೆಯ ವಯಸ್ಸಿನಲ್ಲಿ, ಹಳೇ ಸಾಮಾನಿನ ಅಂಗಡಿಯಿಂದ ಅದನ್ನೇ ತಂದು, ನಾಲ್ಕು ತಿಂಗಳು ಆಡಿ, ಮೋನಿಷಾ ಫೈನಲ್ ತಲುಪಿದ್ದಳು.

ಸ್ವಿಚ್ ಆರಿಸಿದರೆ ಆ ಯಂತ್ರಕ್ಕೆ ಏನೂ ನೆನಪಿರುವುದಿಲ್ಲ. ಪಂದ್ಯ ಮುಗಿದಾಗ ಇಪ್ಪತ್ತನಾಲ್ಕು ಜಪಾನಿ ಅಕ್ಷರಗಳ ಪಾಸ್‌ವರ್ಡ್ ತೋರಿಸುತ್ತದೆ. ಮುಂದಿನ ಸಲ ಅದನ್ನು ಒತ್ತಿದರೆ ಮುಂದಿನ ಪಂದ್ಯ, ಇಲ್ಲವಾದರೆ ಮೊದಲಿನಿಂದ. ಫೋನಿನಲ್ಲಿ ಫೋಟೊ ಹೊಡೆದರೆ ಹಳೆ ಟಿವಿಯ ತುಂಬ ಕಪ್ಪು ಪಟ್ಟೆ ಬರುತ್ತಿತ್ತು. ಹಾಗಾಗಿ ಬರೆದುಕೊಳ್ಳುವ ಕೆಲಸ ಗಂಡ ದೇವೇಂದ್ರನದು. ಅವನು ದೊಡ್ಡಬಳ್ಳಾಪುರದಲ್ಲಿ ಗಂಗಣ್ಣನ ಪವರ್‌ಲೂಮಿಗೆ ಸೀರೆ ಡಿಸೈನ್ ಬರೆಯುವವನು. ಕಂಡದ್ದನ್ನೆಲ್ಲ ಗ್ರಾಫ್ ಹಾಳೆಯ ಚೌಕಗಳಿಗೆ ಇಳಿಸುವುದು ಅವನ ಚಟ. ಸೆಮಿಫೈನಲ್ ಗೆದ್ದಾಗ ಬಂದ ಪಾಸ್‌ವರ್ಡನ್ನೂ ಹಾಗೇ ಇಳಿಸಿ, ಹಾಳೆಯನ್ನು ಉಳಿದ ಡಿಸೈನ್ ಹಾಳೆಗಳ ಜೊತೆ ಇಟ್ಟ. ಅದು ಮಗ್ಗಕ್ಕೆ ಹೋಯಿತು. ಗಂಗಣ್ಣ ಅದನ್ನು ಅಂಚಿಗೆ ಹಾಕಿಸಿದ. ಮೂಲ ಹಾಳೆಯಲ್ಲಿ ಮಗ್ಗದವರು ಬೋಂಡ ತಿಂದು ಎಸೆದರು. ಅಳಿಯನ ಕೈಕೆಲಸ ಎಂಬ ಹೆಮ್ಮೆಯಿಂದ ಮೊದಲ ಸೀರೆಯನ್ನು ಲಕ್ಷ್ಮೀದೇವಮ್ಮ ಕೊಂಡರು. ಇವತ್ತು ಉಟ್ಟು ತೋರಿಸಿ ಹೋಗೋಣವೆಂದು ಬಂದು ಸಿಕ್ಕಿಬಿದ್ದಿದ್ದರು.

ಇಪ್ಪತ್ತಮೂರು ಅಕ್ಷರ ಸರಿಯಾಗಿ ಕೂತವು. ಇಪ್ಪತ್ತನಾಲ್ಕನೆಯದರ ಜಾಗದಲ್ಲಿ ಒಂದು ಮಾವಿನಕಾಯಿ ಇತ್ತು. ಕೊಕ್ಕು, ಹೊಟ್ಟೆ, ಹೊಟ್ಟೆಯೊಳಗೆ ಮೂರು ಚುಕ್ಕಿ.

ಮೋನಿಷಾ ಗಂಡನ ಕಡೆ ನೋಡಿದಳು. ತಾನು ಹಾಕಿದ್ದಲ್ಲ ಎಂದು ದೇವೇಂದ್ರ ಆಣೆ ಮಾಡಿ, ಗಂಗಣ್ಣನಿಗೆ ಫೋನ್ ಹಚ್ಚಿದ. ಮಗ್ಗದ ಸದ್ದಿನ ನಡುವೆ ಗಂಗಣ್ಣನ ದನಿ ಬಂತು.

"ಒಂದ್ಕಡೆ ನಿನ್ ಡಿಸೈನ್ ಕೆಟ್ಟೋಗಿತ್ತು ಕಣಪ್ಪಾ, ನಾನೇ ರಿಪೇರಿ ಮಾಡಿಸ್ದೆ. ಥ್ಯಾಂಕ್ಸ್ ಎಲ್ಲ ಬೇಡ ಬಿಡು."

ಅಲ್ಲಿ ಮೊದಲು ಏನಿತ್ತು ಎಂಬುದು ಗಂಗಣ್ಣನಿಗೂ ನೆನಪಿರಲಿಲ್ಲ, ದೇವೇಂದ್ರನಿಗೂ ಇರಲಿಲ್ಲ. ಪರದೆಯ ಕೆಳಗೆ ಅರವತ್ತು ಅಕ್ಷರಗಳಿದ್ದವು. ಮೋನಿಷಾ ಒಂದೊಂದಾಗಿ ಒತ್ತತೊಡಗಿದಳು. ತಪ್ಪಾದಾಗಲೆಲ್ಲ ಒಂದು ಸೀಟಿ, ತಲೆಯಾಡಿಸುವ ಒಬ್ಬ ಕೋಚ್. ಹನ್ನೊಂದು ಸಲ ತಲೆಯಾಡಿಸಿದ. ಹೊರಗೆ ಆಟೊ ಹಾರ್ನ್ ಹೊಡೆಯಿತು. ಮಗು ಇನ್ನೂ ಹೆಸರಿಲ್ಲದೆ ಮಲಗಿದೆ ಎಂದು ರಾಜಘಟ್ಟದಿಂದ ಫೋನ್ ಬಂತು. ಹನ್ನೆರಡನೆಯ ಸೀಟಿಗೆ ಮೋನಿಷಾ ಗೇಮಿನ ರಿಮೋಟನ್ನು ನೆಲಕ್ಕಿಟ್ಟಳು.

"ನೀನು ಹೊರಡು ದೊಡ್ಡಮ್ಮ. ನನ್ನ ಹಣೇಲಿ ವೈರ್ ಹಿಡ್ಕೊಳ್ಳೋದೇ ಬರ್ದಿರೋದು."

ಲಕ್ಷ್ಮೀದೇವಮ್ಮ ಹೊರಡಲಿಲ್ಲ. ಕನ್ನಡಕ ಹಾಕಿಕೊಂಡು ಟಿವಿಗೆ ಮುಖ ತಾಗಿಸುವಷ್ಟು ಬಗ್ಗಿ, ಅಂಗಡಿಯಲ್ಲಿ ಸೀರೆ ಆರಿಸುವವರ ಹಾಗೆ ಅಕ್ಷರಗಳ ಮೇಲೆ ಬೆರಳಾಡಿಸುತ್ತ ಹೋದರು. ಇದು ಬೇಡ, ಇದೂ ಬೇಡ. ಮೂರನೆಯ ಸಾಲಿನಲ್ಲಿ ಬೆರಳು ನಿಂತಿತು. ಅಲ್ಲೊಂದು ದುಂಡಗಿನ ಅಕ್ಷರ. ನಡುವಿನಿಂದ ಹೊರಟ ಗೆರೆ ಸುತ್ತಲೂ ಸುತ್ತಿಕೊಂಡು ಬಾಲ ಬಿಟ್ಟಿತ್ತು.

"ಇದು ನೋಡು. ಕೈ ಪಳಗ್ದೇ ಇರೋರು ಬರ್ದಿರೋ ಮಾವಿನಕಾಯಿ."

ದೇವೇಂದ್ರ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಮೋನಿಷಾ ಒತ್ತಿದ್ದಳು. ಸೀಟಿ ಕೇಳಲಿಲ್ಲ. ಜನ ಕೂಗಿದರು, ಕಾಗದದ ಚೂರುಗಳು ಉದುರಿದವು, ಫೈನಲ್ಲಿನ ಮೈದಾನ ತೆರೆದುಕೊಂಡಿತು.

ಲಕ್ಷ್ಮೀದೇವಮ್ಮ ಎರಡು ನಿಮಿಷಕ್ಕೆಂದು ಕೂತವರು ಕೊನೆಯವರೆಗೂ ಕೂತರು. ಚೆಂಡು ಮೊಟ್ಟೆಯಾಕಾರಕ್ಕೆ ಜಗ್ಗಿಕೊಂಡು ಬಂದು ಬಲೆ ಹರಿಯಿತು. ಇನ್ನೊಮ್ಮೆ ಗೋಲ್‌ಕೀಪರ್ ಸಮೇತ ಹಿಂದಿನ ಗೋಡೆಗೆ ಹೋಯಿತು. ಆ ಹುಡುಗನಿಗೆ ಮನೆಯಲ್ಲಿ ಮುದ್ದೆ ಹಾಕುವುದಿಲ್ಲವೇ ಎಂದು ಅವರು ಕೇಳಿದರು. ಕೊನೆಗೆ ಏಳು ಗೋಲು, ಏಳೂ ಎದುರಾಳಿಗಳವು. ಮೋನಿಷಾ ಪರದೆಯನ್ನೇ ನೋಡುತ್ತಿದ್ದಳು. ಬೆಳಗ್ಗೆಯಿಂದ ಮೊದಲ ಸಲ ನಗುತ್ತಿದ್ದಳು. ಅಲ್ಲಿ ಇನ್ನೊಂದು ಪಾಸ್‌ವರ್ಡ್ ಬಂದಿತ್ತು, ಫೈನಲನ್ನು ಮತ್ತೆ ಆಡುವುದಕ್ಕೆ. ಹೊಸ ಇಪ್ಪತ್ತನಾಲ್ಕು ಅಕ್ಷರ.

ದೇವೇಂದ್ರ ಗ್ರಾಫ್ ಹಾಳೆ, ಪೆನ್ಸಿಲ್ ತಂದು ಕೂತ. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದ ಲಕ್ಷ್ಮೀದೇವಮ್ಮ ತಿರುಗಿ ನಿಂತರು.

"ಅಳಿಯಂದ್ರೇ, ಇದು ಹಸಿರು ಒಡಲಿನ ಸೀರೆಗಿರ್ಲಿ. ಇವ್ಳು ಗೆಲ್ಲೋ ಹೊತ್ಗೆ ನನ್ನ ಬೀರು ತುಂಬಿರ್ತದೆ."